ಗುಡ್ಡದಕ್ಕನ ಇಳಿದಾರಿ

ಪೂರ್ವದ ಕಡೆ ಇನ್ನೂ ಬೂದಿ ಬಣ್ಣ. ವಿಮಾನಗಳು ನಿಲ್ಲುವ ಅಂಗಳದ ಕಾಂಕ್ರೀಟು ಇಬ್ಬನಿಗೆ ಒದ್ದೆಯಾಗಿ, ಕಂಬದ ದೀಪಗಳನ್ನು ಉದ್ದುದ್ದಕ್ಕೆ ಎಳೆದು ತೋರಿಸುತ್ತಿದೆ. ಹಳದಿ ಜಾಕೆಟ್ ತೊಟ್ಟ, ನರೆತ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡ ಹೆಂಗಸೊಬ್ಬರು ಕೈಯಲ್ಲಿ ಟಾರ್ಚ್ ಹಿಡಿದು, ಎರಡು ಪಂಖದ ಪುಟ್ಟ ವಿಮಾನವೊಂದಕ್ಕೆ ಸುತ್ತು ಬರುತ್ತಿದ್ದಾರೆ. ಟೈರಿನ ಮೇಲೆ ಅಂಗೈ ಇಡುತ್ತಾರೆ. ರೆಕ್ಕೆಯಡಿ ಬಗ್ಗಿ ಎಣ್ಣೆ ಸೋರಿದೆಯೇ ಎಂದು ನೋಡುತ್ತಾರೆ. ವಿಮಾನದ ಪಕ್ಕೆಯಲ್ಲಿ, ಸೂಜಿ ಚುಚ್ಚಿದ ಹಾಗಿರುವ ಸಣ್ಣ ತೂತುಗಳ ಹತ್ತಿರ ಬಂದಾಗ ಮಾತ್ರ ನಿಂತೇಬಿಡುತ್ತಾರೆ. ಕನ್ನಡಕ ಮೇಲೇರಿಸಿ, ಮೂಗು ತಾಗುವಷ್ಟು ಹತ್ತಿರದಿಂದ ಇಣುಕುತ್ತಾರೆ.

"ಹೊರಗಿನ ಗಾಳಿ ಎಷ್ಟು ಒತ್ತುತ್ತಿದೆ ಅಂತ ವಿಮಾನ ತಿಳ್ಕೊಳ್ಳೋದು ಇಲ್ಲಿಂದಾನೇ. ಇಲ್ಲಿ ಒಂದು ಹುಳ ಮನೆ ಮಾಡ್ತು ಅಂದ್ರೆ ಎತ್ತರ ತೋರಿಸೋ ಮುಳ್ಳು ಸುಳ್ಳು ಹೇಳೋಕೆ ಶುರು ಮಾಡುತ್ತೆ. ಬೇರೆ ಯಾರು ಸುಳ್ಳು ಹೇಳಿದ್ರೂ ತಡ್ಕೋತೀನಿ," ಎಂದು ನಗುತ್ತಾರೆ. ನಕ್ಕಾಗ ಕಣ್ಣು ಪೂರ್ತಿ ಮುಚ್ಚಿಹೋಗುತ್ತದೆ.

ಇವರು ಈ ವಿಮಾನದ ಕ್ಯಾಪ್ಟನ್. ಜೊತೆಯವರಿಗೆಲ್ಲ ಗುಡ್ಡದಕ್ಕ. ಸಾಮಾನು ಏರಿಸುವವರಿಂದ ಹಿಡಿದು ಕಂಟ್ರೋಲ್ ಟವರಿನಲ್ಲಿ ಕೂತವರವರೆಗೆ ಎಲ್ಲರೂ ಹಾಗೇ ಕರೆಯುತ್ತಾರೆ. ಆ ಹೆಸರು ಬಂದದ್ದು ಅವರ ಒಂದೇ ಒಂದು ಪ್ರಶ್ನೆಯಿಂದ. ವಿಮಾನವನ್ನು ಕೆಳಗಿಳಿಸಲು ಶುರು ಮಾಡುವ ಮೊದಲು, ಪಕ್ಕದ ಸೀಟಿನ ಕೋ-ಪೈಲಟ್ಟಿಗೆ ಅವರು ತಪ್ಪದೆ ಕೇಳುತ್ತಾರೆ: "ಗುಡ್ಡ ಎಲ್ಲಿದೆ?"

ಬಾಯಲ್ಲಿ ಉತ್ತರ ಹೇಳಿದರೆ ಆಗುವುದಿಲ್ಲ, ಕೈ ಚಾಚಿ ತೋರಿಸಬೇಕು. ಹೊರಗೆ ಹತ್ತಿ ತುರುಕಿದ ಹಾಗೆ ಮೋಡ ತುಂಬಿರಲಿ, ಕಿಟಕಿಯಲ್ಲಿ ಏನೇನೂ ಕಾಣದಿರಲಿ, ಎತ್ತರದ ಗುಡ್ಡ ಈಗ ಯಾವ ದಿಕ್ಕಿಗಿದೆ, ಎಷ್ಟು ದೂರಕ್ಕಿದೆ, ನಾವು ಅದಕ್ಕಿಂತ ಮೇಲಿದ್ದೇವೋ ಕೆಳಗಿದ್ದೇವೋ, ಎಲ್ಲವನ್ನೂ ಬೆರಳು ತೋರಿಸಿಯೇ ಹೇಳಬೇಕು. ಎದುರಿನ ಪರದೆ ಗುಡ್ಡಗಳನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಚೆನ್ನಾಗಿಯೇ ತೋರಿಸುತ್ತದೆ. ಅಕ್ಕನಿಗೆ ಅದರ ಮೇಲೆ ಸಿಟ್ಟೇನಿಲ್ಲ. "ಪರದೆ ನೋಡಿ ಹೇಳೋದು ಬೇರೆ. ಪಕ್ಕದ ಕೋಣೇಲಿ ಯಾರೋ ಕೂತಿದ್ದಾರೆ ಅಂತ ನಮಗೆ ಗೊತ್ತಿರುತ್ತಲ್ಲ, ಹಾಗೆ ಗೊತ್ತಿರೋದು ಬೇರೆ. ನನಗೆ ಎರಡೂ ಬೇಕು," ಎನ್ನುತ್ತಾರೆ.

ಈಗ ಅವರ ಜೊತೆ ಹೆಚ್ಚಾಗಿ ಹಾರುವವರು ಮುಚ್ಚಿಹೋದ ಬೇರೊಂದು ಕಂಪನಿಯಿಂದ ಬಂದ, ನಲವತ್ತು ದಾಟಿದ, ಬೊಕ್ಕತಲೆಯ ಕೋ-ಪೈಲಟ್. ಆತ ಹೇಳುತ್ತಾರೆ: "ಮೊದಲನೇ ವಾರ ನನಗೆ ನಗು ತಡೆಯೋಕೇ ಆಗ್ತಿರಲಿಲ್ಲ. ಈಗ ಮನೇಲಿ ಮಲಗಿದ್ದಾಗ್ಲೂ ನಿದ್ದೆಗಣ್ಣಲ್ಲಿ ಕೈ ಎತ್ತಿ ತೋರಿಸ್ತೀನಂತೆ. ಹೆಂಡತಿ 'ರೀ, ಅದು ಬೀರು, ಮಲಗಿ' ಅಂತಾಳೆ."

ಇವರಿಬ್ಬರ ದಿನನಿತ್ಯದ ಹಾದಿಯೇ ಅಂಥದ್ದು. ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ, ಬಯಲಿನ ಈ ಊರಿಂದ ಗುಡ್ಡಗಳ ನಡುವಿನ ಕಣಿವೆಯೂರಿಗೆ ಹೋಗಿಬರಬೇಕು. ಅಲ್ಲಿಯ ವಿಮಾನ ನಿಲ್ದಾಣಕ್ಕೆ ಮೂರು ಕಡೆ ಗುಡ್ಡ, ಒಂದು ಕಡೆ ನದಿ. ಬಟ್ಟಲಿನ ತಳದಲ್ಲಿಟ್ಟ ಚಮಚೆಯ ಹಾಗಿದೆ ರನ್‌ವೇ. ಬಟ್ಟಲಿನ ಅಂಚನ್ನು ಮೇಲಿನಿಂದ ದಾಟಿ, ದಾಟಿದ್ದು ಖಾತ್ರಿಯಾದ ಮೇಲೆಯೇ ಒಳಗಿಳಿಯಬೇಕು. ದಕ್ಷಿಣದ ಅಂಚಿಗೆ ಕೂತಿರುವ ಉದ್ದನೆಯ ಗುಡ್ಡ ಎಲ್ಲಕ್ಕಿಂತ ಎತ್ತರ. ಹಾದಿ ಹೋಗುವುದೂ ಸರಿಯಾಗಿ ಅದರ ಬೆನ್ನ ಮೇಲೆಯೇ.

"ಜನ ವಿಮಾನ ಏರುವಾಗ ಕಣ್ಣು ಮುಚ್ಕೊಂಡು ಸೀಟು ಹಿಡ್ಕೋತಾರೆ, ಇಳಿಯುವಾಗ ಚಪ್ಪಲಿ ಹುಡುಕ್ತಾರೆ," ಎನ್ನುತ್ತಾರೆ ಅಕ್ಕ. "ನನಗೆ ಉಲ್ಟಾ. ಏರುವಾಗ ಪ್ರತಿ ನಿಮಿಷಕ್ಕೂ ನೆಲದಿಂದ ದೂರ ಹೋಗ್ತಿರ್ತೀವಿ. ಇಳಿಯುವಾಗ ಪ್ರತಿ ನಿಮಿಷಕ್ಕೂ ಹತ್ತಿರ ಬರ್ತಿರ್ತೀವಿ. ಹತ್ತಿರ ಬರಬೇಕಾದ್ದು ರನ್‌ವೇಗೆ ಮಾತ್ರ ತಾನೇ?"

ಆ ಹೊತ್ತಿಗೇ ಕೆಲಸವೂ ಮೈಮೇಲೆ ಬೀಳುತ್ತದೆ. ಕೆಳಗಿನ ಗಾಳಿಯ ಒತ್ತಡ ಕೇಳಿ ಎತ್ತರದ ಮುಳ್ಳನ್ನು ಅದಕ್ಕೆ ಹೊಂದಿಸಬೇಕು. ಅದು ಚೂರು ತಪ್ಪಿದರೂ ಮುಳ್ಳು ತೋರಿಸುವುದೊಂದು, ವಿಮಾನ ಇರುವುದೊಂದು. ರೇಡಿಯೋಕ್ಕೆ ಉತ್ತರ ಕೊಡಬೇಕು, ವೇಗ ತಗ್ಗಿಸಬೇಕು, ಚಕ್ರ ಕೆಳಗೆ ಬಿಡಬೇಕು. ಈ ಗಡಿಬಿಡಿಯಲ್ಲಿ ಮನಸ್ಸು ಯಾವುದೋ ಒಂದಕ್ಕೆ ಜೋತುಬಿದ್ದು ಉಳಿದದ್ದನ್ನು ಕೈಬಿಡುತ್ತದೆ. ಎಂಜಿನ್ ಕೆಟ್ಟು ಬಿದ್ದ ವಿಮಾನಗಳ ಕಥೆ ಅಕ್ಕನನ್ನು ಅಷ್ಟು ಕಾಡುವುದಿಲ್ಲ. ಏನೊಂದೂ ಕೆಡದೆ, ತಾನು ಬೇರೆಲ್ಲೋ ಇದ್ದೇನೆಂದು ಪೈಲಟ್ ನಂಬಿದ್ದಕ್ಕೇ ಗುಡ್ಡಕ್ಕೆ ಬಡಿದ ವಿಮಾನಗಳ ಕಥೆ ಕಾಡುತ್ತದೆ. ತರಬೇತಿಯಲ್ಲಿ ಅಂಥವನ್ನು ಓದಿದ ದಿನ ಊಟ ಸೇರಲಿಲ್ಲವಂತೆ.

ಅವರು ಪೈಲಟ್ ಆದದ್ದು ತಡವಾಗಿ. ಅದಕ್ಕೆ ಮೊದಲು ಇದೇ ತರಹದ ವಿಮಾನಗಳಲ್ಲಿ ಗಗನಸಖಿ. ಕಾಫಿ ಕೊಡುತ್ತ, ವಾಂತಿ ಚೀಲ ಒದಗಿಸುತ್ತ, ಅಳುವ ಮಕ್ಕಳನ್ನು ಸಮಾಧಾನ ಮಾಡುತ್ತ ಹತ್ತು ವರ್ಷ ಕಳೆದಿದ್ದರು. ಹೊರಗಿನ ಲೋಕ ಕಾಣುತ್ತಿದ್ದದ್ದು ಸಣ್ಣ ಕಿಟಕಿಗಳಲ್ಲಿ, ತುಂಡು ತುಂಡಾಗಿ. ಒಂದು ಸಲ, ಕೆಲಸ ಮುಗಿಸಿ ಹಿಂತಿರುಗುವಾಗ ಸೀಟು ಖಾಲಿಯಿಲ್ಲದೆ, ಪೈಲಟ್ಟುಗಳ ಹಿಂದಿನ ಮಡಚು ಕುರ್ಚಿಯಲ್ಲಿ ಕೂರಬೇಕಾಯಿತು. ಅಂದು ಆಕಾಶ ತೊಳೆದಿಟ್ಟ ಹಾಗಿತ್ತು. ಗುಡ್ಡಗಳು ಒಂದರ ಹಿಂದೊಂದು ಎದ್ದು ನಿಂತದ್ದನ್ನು ಅವರು ಇಡಿಯಾಗಿ ನೋಡಿದ್ದು ಅದೇ ಮೊದಲು.

"ಕ್ಯಾಪ್ಟನ್ ವಯಸ್ಸಾದವರು, ಒಳ್ಳೆಯವರು. 'ಸರ್, ಮೋಡ ಬಂದಾಗ ಇವೆಲ್ಲ ಎಲ್ಲಿ ಹೋಗುತ್ತೆ' ಅಂತ ಕೇಳಿಬಿಟ್ಟೆ. ಎಂಥ ಪೆದ್ದು ಪ್ರಶ್ನೆ ನೋಡಿ. ಅವರು ತಿರುಗಿ, 'ಎಲ್ಲೂ ಹೋಗಲ್ಲಮ್ಮ, ಅದೇ ತೊಂದರೆ' ಅಂದ್ರು. ಅವತ್ತು ಮನೆಗೆ ಬಂದು, ನಾನೂ ವಿಮಾನ ಓಡಿಸೋದು ಕಲಿತೀನಿ ಅಂದೆ."

ಆಗ ಅವರಿಗೆ ಮೂವತ್ತು ದಾಟಿತ್ತು. ಮಗಳು ಇನ್ನೂ ಅಕ್ಷರ ತಿದ್ದುತ್ತಿದ್ದಳು. ಗಂಡನದು ಕನ್ನಡಕದ ಅಂಗಡಿ; ಈ ಮಾತು ಕೇಳಿ, ಕುಡಿಯುತ್ತಿದ್ದ ನೀರು ಆತನ ನೆತ್ತಿಗೇರಿತು. ಕೆಮ್ಮು ನಿಂತ ಮೇಲೆ ಅವರು ತಾಯಿಯ ಮುಖ ನೋಡಿದರು. ಆ ಮನೆಯಲ್ಲಿ ಕೊನೆಯ ಮಾತು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದು ನಿವೃತ್ತರಾದವರು. ಬೇಡದ ಮಾತು ಶುರುವಾದರೆ ಮನೆಯಲ್ಲೂ ಲೈನ್ ಕಟ್ ಮಾಡುವ ಸ್ವಭಾವ. "ಮಗು ನನ್ನ ಹತ್ರ ಇರ್ಲಿ, ನೀನು ಹೋಗು," ಎಂದರು. "ಆದ್ರೆ ಅರ್ಧಕ್ಕೆ ಬಿಟ್ಟು ಅಳ್ತಾ ಬಂದು ನನ್ನ ಅಡುಗೆಮನೇಲಿ ಪಾತ್ರೆ ಕುಕ್ಕಿದ್ರೆ ಸುಮ್ಮನಿರಲ್ಲ."

ಅಳುತ್ತ ಬಂದದ್ದುಂಟು. ಒಂದು ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ತನಗಿಂತ ಹತ್ತು ವರ್ಷ ಚಿಕ್ಕವರೆಲ್ಲ ಮುಂದೆ ದಾಟಿಹೋಗುವುದನ್ನು ನೋಡುತ್ತ ಕೂತರು. ರೇಡಿಯೋದಲ್ಲಿ ಟವರಿನವರು ಪಟಪಟ ಹೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಹೇಳಬೇಕು. ಅದಕ್ಕೇ ನಾಲಿಗೆ ಹೊರಳುತ್ತಿರಲಿಲ್ಲ. ಆಗ ಕೈಹಿಡಿದದ್ದು ಅತ್ತೆಯ ಹಳೇ ಕಸುಬು. ಅತ್ತೆ ತರಕಾರಿ ಹೆಚ್ಚುತ್ತ ಟವರ್ ಆಗುತ್ತಿದ್ದರು, ಸೊಸೆ ಪಾತ್ರೆ ಒರೆಸುತ್ತ ವಿಮಾನ. "ಎಡಕ್ಕೆ ತಿರುಗಿ, ಐದು ಸಾವಿರಕ್ಕೆ ಇಳಿಯಿರಿ, ಸಕ್ಕರೆ ಡಬ್ಬಿ ಕೊಡಿ," ಎಂದರೆ ಅದನ್ನೆಲ್ಲ ಸಾಲಾಗಿ ತಿರುಗಿ ಹೇಳಿ ಸಕ್ಕರೆ ಡಬ್ಬಿಯನ್ನೂ ಕೊಡಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಮಗಳು ಮಧ್ಯೆ ನುಗ್ಗಿ ಬೇರೆ ವಿಮಾನವಾಗಿ ಗದ್ದಲ ಮಾಡುತ್ತಿದ್ದಳು. "ಹಾಗೆ ಕಲಿತದ್ದು," ಎನ್ನುತ್ತಾರೆ ಅಕ್ಕ. "ಈಗ್ಲೂ ಟವರಿನವರ ದನಿ ಸ್ವಲ್ಪ ಗಡುಸಾದ್ರೆ ಕೈ ತಾನಾಗಿ ಡಬ್ಬಿ ಹುಡುಕುತ್ತೆ."

ಕೋ-ಪೈಲಟ್ ಆದರು, ವರ್ಷಗಳು ಕಳೆದು ಎಡಗಡೆಯ ಕ್ಯಾಪ್ಟನ್ ಸೀಟಿಗೆ ಬಂದರು. ಯೂನಿಫಾರ್ಮಿನಲ್ಲಿ ಬಾಗಿಲ ಬಳಿ ನಿಂತ ಅವರನ್ನು ಕಂಡು ಪ್ರಯಾಣಿಕರು ಇವತ್ತಿಗೂ "ಸ್ವಲ್ಪ ನೀರು ಕೊಡಿ" ಎನ್ನುತ್ತಾರೆ. ಅಕ್ಕ ಕೊಡುತ್ತಾರೆ. "ಹಳೇ ಕೆಲಸ, ಕೈಗೆ ಮರೆತಿಲ್ಲ," ಎಂದು ಹೇಳಿ ಒಳಗೆ ಹೋಗಿ ವಿಮಾನ ಚಾಲೂ ಮಾಡುತ್ತಾರೆ.

ಇಷ್ಟೆಲ್ಲ ಆದರೂ ಅತ್ತೆ ಮಾತ್ರ ವಿಮಾನ ಹತ್ತಿರಲಿಲ್ಲ. ಕೇಳಿದರೆ, "ನೀನು ಮೊಪೆಡ್ ಓಡಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೀನಿ," ಎನ್ನುತ್ತಿದ್ದರು. ಕೊನೆಗೆ ಅತ್ತೆಯನ್ನು ಹತ್ತಿಸಿದ್ದು ಅತ್ತೆಯ ಒಡಹುಟ್ಟಿದ ಅಕ್ಕ. ಕಣಿವೆಯೂರಿನಲ್ಲಿ ಮಗನ ಮನೆಯಲ್ಲಿದ್ದ ಆ ಹಿರಿಯಾಕೆಗೆ ಎರಡು ವರ್ಷದ ಹಿಂದೆ ಹೃದಯದ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನ ಸಂಜೆ ಫೋನ್ ಮಾಡಿ, "ನನ್ನ ಒಳಗೆ ಕರ್ಕೊಂಡು ಹೋಗೋ ಮುಂಚೆ ಬಂದು ಕೈ ಹಿಡ್ಕೋ. ಆಮೇಲೆ ಏನಾದ್ರೂ ಆಗ್ಲಿ," ಎಂದರಂತೆ. ಬಸ್ಸಿನಲ್ಲಿ ಹೋದರೆ ಹೊತ್ತಿಗೆ ಸರಿಯಾಗಿ ಮುಟ್ಟುವ ಹಾಗಿರಲಿಲ್ಲ. ಬೆಳಗಿನ ಮೊದಲ ವಿಮಾನ ಸೊಸೆಯದೇ. ಅತ್ತೆ ತಮ್ಮ ಒಳ್ಳೇ ಸೀರೆ ಉಟ್ಟು, ಕೈಚೀಲವನ್ನು ಎದೆಗವಚಿಕೊಂಡು, ಕಿಟಕಿ ಪಕ್ಕದ ಸೀಟಿನಲ್ಲಿ ಕಲ್ಲಿನ ಹಾಗೆ ಕೂತರು.

ಹಾರುವಾಗ ಎಲ್ಲ ಸರಿಯಾಗಿತ್ತು. ಇಳಿಯುವ ಹೊತ್ತಿಗೆ ಕಣಿವೆಯ ಕಡೆಯಿಂದ ಮೋಡ ಬರತೊಡಗಿತು. ಟವರಿನಲ್ಲಿದ್ದವರು ಪಾಪ, ಮೋಡ ಮುಚ್ಚುವುದರೊಳಗೆ ಇವರನ್ನು ಇಳಿಸಿಬಿಡೋಣವೆಂದು, ನೇರವಾಗಿ ಬರಲು ಹೇಳಿ ಇನ್ನೂ ಕೆಳಗಿನ ಎತ್ತರಕ್ಕೆ ಇಳಿಯಲು ಅನುಮತಿ ಕೊಟ್ಟರು. ಕೋ-ಪೈಲಟ್ ಅದನ್ನು ತಿರುಗಿ ಹೇಳಿ, ಹೊಸ ಎತ್ತರ ಹೊಂದಿಸಲು ಗುಂಡಿಯ ಮೇಲೆ ಕೈಯಿಟ್ಟರು.

"ಇರಿ," ಎಂದರು ಅಕ್ಕ. "ಗುಡ್ಡ ಎಲ್ಲಿದೆ?"

ಕೋ-ಪೈಲಟ್ ಕೈ ಎತ್ತಿದರು. ಎತ್ತಿದ ಕೈ ನೆಟ್ಟಗೆ ಮುಂದಕ್ಕೆ ಚಾಚಿತು. ದಕ್ಷಿಣದ ಗುಡ್ಡ ಇನ್ನೂ ಹಿಂದಾಗಿರಲಿಲ್ಲ, ಎದುರಿಗೇ ಇತ್ತು. "ನನ್ನ ಕೈ ನೋಡಿದ ಮೇಲೇ ನನಗೂ ಗೊತ್ತಾಗಿದ್ದು," ಎಂದು ಆತ ನೆನೆಯುತ್ತಾರೆ. ಟವರಿನವರು ಇವರು ಗುಡ್ಡ ದಾಟಿದ್ದಾರೆಂದೇ ತಿಳಿದಿದ್ದರು. ದಾಟುವವರೆಗೆ ಮೇಲೆಯೇ ಇರುತ್ತೇವೆ ಎಂದು ಅಕ್ಕ ಹೇಳಿಸಿದರು, ಅವರೂ ಕೂಡಲೇ ಸರಿ ಎಂದರು. ಯಾವ ಗಂಟೆಯೂ ಬಾರಿಸಲಿಲ್ಲ, ಯಾವ ಎಚ್ಚರಿಕೆಯ ದನಿಯೂ ಕೂಗಲಿಲ್ಲ. ಗುಡ್ಡ ಕೆಳಗೆ, ಮೋಡದೊಳಗೆ, ತನ್ನ ಪಾಡಿಗೆ ಹಿಂದೆ ಸರಿಯಿತು. ಆಮೇಲೆಯೇ ವಿಮಾನ ಬಟ್ಟಲಿಗಿಳಿಯಿತು.

ಇಳಿದರೂ ರನ್‌ವೇ ಕಾಣಲಿಲ್ಲ. ಇಷ್ಟು ಎತ್ತರಕ್ಕೆ ಬಂದಾಗ ಕಂಡರೆ ಇಳಿಯಬೇಕು, ಕಾಣದಿದ್ದರೆ ಮತ್ತೆ ಏರಬೇಕು ಎಂಬುದು ನಿಯಮ. ಅಕ್ಕ ಏರಿಸಿದರು. ಏರುತ್ತಿರುವಾಗ ಎಡಗಡೆ ಮೋಡದಲ್ಲಿ ಒಂದು ಕಿಂಡಿ ಬಿಟ್ಟಿತು. ಅದರೊಳಗೆ ಊರು! ರಸ್ತೆ, ರನ್‌ವೇಯ ಒಂದು ತುದಿ, ಅದರಾಚೆಗೆ ಆಸ್ಪತ್ರೆಯ ನೀಲಿ ತಗಡಿನ ಚಾವಣಿ. ಆ ಚಾವಣಿಯ ಕೆಳಗೆ ಒಬ್ಬ ಮುದುಕಿ ತಂಗಿಗಾಗಿ ಬಾಗಿಲು ನೋಡುತ್ತಿದ್ದಾಳೆ. ಆ ತಂಗಿ ಗುಡ್ಡದಕ್ಕನ ಬೆನ್ನ ಹಿಂದೆ ಕೆಲವೇ ಸಾಲುಗಳಾಚೆ ಕೂತಿದ್ದಾರೆ.

"ಕಾಣ್ತಿದೆ, ಕಾಣ್ತಿದೆ!" ಎಂದರು ಕೋ-ಪೈಲಟ್. ಕಣ್ಣಿಗೆ ಕಂಡದ್ದನ್ನು ಹಿಡಿದು ಒಂದು ಸುತ್ತು ಹೊಡೆದು ಇಳಿದುಬಿಡಬಹುದು ಎಂಬ ಆಸೆ ಆ ದನಿಯಲ್ಲಿತ್ತು.

"ಊರು ಕಾಣ್ತಿದೆ. ಗುಡ್ಡ ಕಾಣ್ತಿದೆಯಾ?"

ಕೋ-ಪೈಲಟ್ ಬಲಕ್ಕೆ ನೋಡಿದರು, ಹಿಂದಕ್ಕೆ ಬಾಗಿ ನೋಡಿದರು. ಎಲ್ಲ ಕಡೆ ಬಿಳಿ ಗೋಡೆ. "ಇಲ್ಲ."

"ಹಾಗಾದ್ರೆ ಬೇಡ."

ಈ ಎರಡು ಪದಗಳನ್ನು ಹೇಳುವುದು ಸುಲಭವಿರಲಿಲ್ಲ ಎನ್ನುತ್ತಾರೆ ಅಕ್ಕ. "ಅತ್ತೆ ಮುಖ ಕಣ್ಮುಂದೆ ಬಂತು. ಬರಲಿಲ್ಲ ಅಂತ ಹೇಗೆ ಹೇಳಲಿ? ಆದ್ರೆ ಆ ಕಿಂಡಿ ನಾನು ತಿರುಗಿ ಬರೋವರೆಗೂ ಬಾಗಿಲು ತೆಗೆದಿಟ್ಟು ಕಾಯುತ್ತೆ ಅಂತ ಯಾರು ಮಾತು ಕೊಟ್ಟಿದ್ರು? ನನ್ನ ಹಿಂದೆ ಅತ್ತೆ ಒಬ್ಬರೇ ಕೂತಿರಲಿಲ್ಲವಲ್ಲ. ಒಬ್ಬರೇ ಇದ್ದಿದ್ರೂ ಅದೇ ಮಾಡ್ತಿದ್ದೆ ಅನ್ನಿ."

ಸುರಕ್ಷಿತ ಎತ್ತರದಲ್ಲಿ ಸುತ್ತು ಹಾಕುತ್ತ ಒಂದಷ್ಟು ಹೊತ್ತು ಕಾದರು. ಮೋಡ ಕದಲಲಿಲ್ಲ. ಇಂಧನ ನೋಡಿಕೊಂಡು ಗುಡ್ಡಗಳಾಚೆಯ ಇನ್ನೊಂದು ಊರಿಗೆ ಹೋಗಿ ಇಳಿಸಿದರು. ಅಲ್ಲಿಂದ ಕಣಿವೆಯೂರಿಗೆ ಕಂಪನಿಯ ಬಸ್ಸು. ಅಷ್ಟರಲ್ಲಿ ಯಾರದೋ ಫೋನಿಗೆ ಸುದ್ದಿ ಬಂತು. ಮೋಡ ಸರಿದು, ಬೇರೆ ಕಂಪನಿಯ ವಿಮಾನವೊಂದು ಅಲ್ಲಿ ಆರಾಮವಾಗಿ ಇಳಿದಿದೆಯಂತೆ.

ವಿಮಾನದ ಬಾಗಿಲಲ್ಲೇ ಗಲಾಟೆ ಶುರುವಾಯಿತು. "ಅವರಿಗೆ ಆಗಿದ್ದು ಇವರಿಗ್ಯಾಕೆ ಆಗಲ್ಲ?" ಎಂದರೊಬ್ಬರು. ಕೋಟು ತೊಟ್ಟ ದಪ್ಪ ಮನುಷ್ಯರೊಬ್ಬರು, "ಹೆಂಗಸರ ಕೈಗೆ ಕೊಟ್ರೆ ಇನ್ನೇನಾಗುತ್ತೆ?" ಎಂದು ಗಟ್ಟಿಯಾಗಿಯೇ ಅಂದರು. ಸಾಲಿನಲ್ಲಿ ಅವರ ಮುಂದಿದ್ದ ಮುದುಕಿ ಗಕ್ಕನೆ ತಿರುಗಿದರು.

"ಅವಳು ನನ್ನ ಸೊಸೆ. ಬೈಯೋದಿದ್ರೆ ಮೊದಲು ನಾನು. ನಿಮ್ಮ ಸರದಿ ಆಮೇಲೆ, ಸಾಲಲ್ಲಿ ನಿಲ್ಲಿ!"

ಕೋಟಿನವರು ಒಂದು ಹೆಜ್ಜೆ ಹಿಂದೆ ಸರಿದರು. ಆದರೆ ಅತ್ತೆ ಬೈಯಲೂ ಇಲ್ಲ. ಕಾಕ್‌ಪಿಟ್ಟಿನ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಸೊಸೆಯ ಮುಖ ನೋಡದೆ, ಕೈಚೀಲ ಎದೆಗವಚಿಕೊಂಡು ಮೆಟ್ಟಿಲಿಳಿದು ಬಸ್ ಹತ್ತಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ. ಅವರು ಜೊತೆಗೆ ಹೋಗುವ ಹಾಗಿರಲಿಲ್ಲ. ವಿಮಾನವನ್ನು ವಾಪಸು ಒಯ್ಯಬೇಕಿತ್ತು.

ಬಸ್ಸು ದಕ್ಷಿಣದ ಗುಡ್ಡದ ಬುಡದಲ್ಲೇ ಸುತ್ತಿಕೊಂಡು ಹೋಗುತ್ತದೆ. ಅತ್ತೆ ಕಿಟಕಿಯ ಬಳಿ ಕೂತಿದ್ದರು. ಹಿರಿಯಾಕೆಯನ್ನು ಅಷ್ಟರಲ್ಲಿ ಆಪರೇಷನ್ನಿಗೆ ಒಳಗೆ ಕರೆದೊಯ್ದಿದ್ದಾರೆ ಎಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು. ಅಳುವನ್ನು ನುಂಗಿಕೊಂಡು ಹೊರಗೆ ನೋಡಿದರೆ ಬಂಡೆ. ಕತ್ತು ಎತ್ತಿದರೆ ಇನ್ನೂ ಬಂಡೆ. ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದರೆ, ಗುಡ್ಡದ ಕುತ್ತಿಗೆಯವರೆಗೆ ಮಾತ್ರ ಕಾಣುತ್ತಿತ್ತು; ತಲೆ ಇನ್ನೂ ಮೋಡದೊಳಗಿತ್ತು. ತಾವು ಬೆಳಿಗ್ಗೆ ಕೂತಿದ್ದ ವಿಮಾನ ಆ ಬಿಳುಪಿನೊಳಗೆಲ್ಲೋ ಇತ್ತೆಂದು ಅವರಿಗೆ ಆಗ ಹೊಳೆಯಿತು.

ಸೊಸೆಯ ಫೋನ್ ರಿಂಗಾಯಿತು. ಆಕೆ ಹೆದರುತ್ತಲೇ ಎತ್ತಿದರು.

"ನೋಡಿದೆ ಕಣೇ," ಎಂದರು ಅತ್ತೆ.

"ಏನತ್ತೆ?"

"ನಿನ್ನ ಗುಡ್ಡ." ಅತ್ತೆ ಬಸ್ಸಿನ ಸದ್ದಿಗಿಂತ ದನಿ ಎತ್ತರಿಸಿದರು. "ತುಂಬಾ ದೊಡ್ಡದಿದೆ. ಊಟ ಮಾಡಿದ್ಯಾ?"

ಅಕ್ಕ ಆ ದಿನ ಮೊದಲ ಸಲ ಅತ್ತದ್ದು ಆಗ, ಪೈಲಟ್ಟುಗಳ ವಿಶ್ರಾಂತಿ ಕೋಣೆಯಲ್ಲಿ, ಕೈ ತೊಳೆಯುವ ಬೇಸಿನ್ನಿನ ನಲ್ಲಿ ಬಿಟ್ಟುಕೊಂಡು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಹಿರಿಯಾಕೆ ಈಗ ಗಟ್ಟಿಮುಟ್ಟಾಗಿದ್ದಾರೆ. ಕೈ ಹಿಡಿದುಕೊಳ್ಳಲು ಬಾ ಎಂದರೆ ಕೊಯ್ದು ಹೊಲಿದ ಮೇಲೆ ಬಂದಳೆಂದು ತಂಗಿಯನ್ನು ಸಿಕ್ಕಾಗಲೆಲ್ಲ ಚುಚ್ಚುತ್ತಾರೆ. ತಂಗಿ ಲೈನ್ ಕಟ್ ಮಾಡುತ್ತಾರೆ. ಆದರೆ ಆ ಬೆಳಿಗ್ಗೆ ಹಿಡಿಯದೇ ಉಳಿದ ಕೈ ಗುಡ್ಡದಕ್ಕನಿಗೆ ಮರೆತಿಲ್ಲ. "ಸರಿಯಾದ್ದನ್ನೇ ಮಾಡಿದೆ. ಆದ್ರೂ ಅವರಿಗೆ ಸಿಗಬೇಕಾದ್ದು ಸಿಗಲಿಲ್ಲ. ಎರಡೂ ನಿಜ," ಎಂದು ಇಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಆಮೇಲೆ ಇಳಿದ ವಿಮಾನದವರ ಬಗ್ಗೆ ಕೇಳಿದರೆ, "ಅವರಿಗೆ ಕಾಣ್ತು, ಇಳಿದ್ರು. ನನಗೆ ಕಾಣಲಿಲ್ಲ," ಎನ್ನುತ್ತಾರೆ. ಅದರಲ್ಲಿ ಬಿಂಕವೂ ಇಲ್ಲ, ಬೇಸರವೂ ಇಲ್ಲ.

ಇಂಥ ದಿನಗಳಿಗೆ ಯಾರೂ ಹಾರ ಹಾಕುವುದಿಲ್ಲ. ಆಗದೇ ಹೋದದ್ದರ ಲೆಕ್ಕ ಇಡುವವರು ಯಾರು? ಇಳಿದ ಜನ ಚೀಲ ಹೊತ್ತು, ಫೋನ್ ಕಿವಿಗಿಟ್ಟು ಹೊರಟುಹೋಗುತ್ತಾರೆ. ಬಾಗಿಲಲ್ಲಿ ನಿಂತವರ ಮುಖವನ್ನೂ ನೋಡುವುದಿಲ್ಲ. ಅಕ್ಕನಿಗೆ ಅದು ಇಷ್ಟವೇ. "ನೆನಪಿಟ್ಕೊಳ್ಳೋ ಹಾಗೆ ಏನೂ ಆಗದೆ ಮನೆಗೆ ಹೋದ್ರಲ್ಲ, ಸಾಕು."

ಅವರ ನಿವೃತ್ತಿ ಹತ್ತಿರವಾಗಿದೆ. ಮಗಳು ಸಮುದ್ರ ನೋಡಲು ಹೋಗೋಣವೆಂದು ಹಟ ಹಿಡಿದಿದ್ದಾಳೆ. ಗಂಡ ಅಂಗಡಿಯಲ್ಲಿ ಬಂದು ಕೂರು ಎನ್ನುತ್ತಿದ್ದಾರೆ. ಅಕ್ಕ ಮಾತ್ರ ಸದ್ದಿಲ್ಲದೆ ಹೋಗಿ ಒಂದು ಜೊತೆ ಗಟ್ಟಿ ಬೂಟು ಕೊಂಡು ತಂದಿದ್ದಾರೆ, ಸಂಜೆ ಹೊತ್ತು ಅದನ್ನು ಹಾಕಿಕೊಂಡು ಮನೆಯ ಮಹಡಿ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಾರೆ. ಯಾಕೆಂದು ಕೇಳಿದರೆ ಮೊದಲು ನಾಚುತ್ತಾರೆ.

"ದಕ್ಷಿಣದ ಗುಡ್ಡಕ್ಕೆ ನಡ್ಕೊಂಡು ಹೋಗೋಕೆ ಒಂದು ಕಾಲುದಾರಿ ಇದೆಯಂತೆ. ಇಷ್ಟು ವರ್ಷ ಹತ್ತಿರ ಹೋಗದ ಹಾಗೆ ನೋಡ್ಕೊಂಡದ್ದೇ ಆಯ್ತು," ಎನ್ನುತ್ತಾರೆ, ಬೂಟಿನ ಲೇಸು ಬಿಗಿಯುತ್ತ. "ಒಂದ್ಸಲ ಮೇಲೆ ಹೋಗಿ, ಕೂತು, ಮೈ ಮುಟ್ಟಿ ಮಾತಾಡಿಸ್ಕೊಂಡು ಬರಬೇಕು."